ಎಲ್ಲರ ಪರವಾಗಿ

ಸುಳ್ಳು ಹೇಳು ಎಂದು ಯಾರೂ ಕೇಳಲಿಲ್ಲವಲ್ಲ. ನಿಜ ಹೇಳು ಎಂದಷ್ಟೇ ಕೇಳಿದ್ದು. ನಿಜ ಹೇಳುವುದಕ್ಕೂ ಇಷ್ಟು ಹೆದರಿಕೆಯೇ? ಅಥವಾ ಕೇಳಿದವನು ಅವನು ಎಂಬ ಕಾರಣಕ್ಕೆ ನಿಜವೇ ಕೊಳೆತುಹೋಯಿತೇ?

ತಿಪ್ಪೇಶ ಕೋರ್ಟಿನ ಆವರಣದ ಹೊಂಗೆ ಮರದಡಿ ಕುಕ್ಕರಗಾಲಲ್ಲಿ ಕೂತು ಇದನ್ನೇ ಮಗುಚಿ ಹಾಕುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಕಟಕಟೆಗೆ ಕರೆಯುತ್ತಾರೆ. ಬಣ್ಣದ ಪುಡಿಯ ಕಂಪನಿಯ ವಕೀಲ ಒಂದೇ ಪ್ರಶ್ನೆ ಕೇಳುತ್ತಾನೆ. ಈ ಹೆಬ್ಬೆಟ್ಟುಗಳನ್ನೆಲ್ಲ ಅವರವರೇ ಒತ್ತಿದ್ದಾರೆಯೇ? ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಇಷ್ಟೂ ಕಡೆಯ ಅಡಿಕೆ ಶೆಡ್ಡಿನ ಹೆಂಗಸರ ಕೇಸು ಅಲ್ಲೇ ಉಸಿರು ಬಿಡುತ್ತದೆ.

ಮರದ ಆಚೆ ಬದಿಗೆ ಅವನ ಅಕ್ಕ ಅಂತರಘಟ್ಟಮ್ಮ ಕೂತಿದ್ದಳು. ಕೈಗಳೆರಡನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ನಾಚಿಕೆಗಲ್ಲ, ನೊಣಕ್ಕೆ. ಬಲಗೈ ಹೆಬ್ಬೆರಳಿನ ಹುಣ್ಣು ಮಾಯದೆ ಬುಡದವರೆಗೆ ಕಪ್ಪಾಗಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕೈ ತಿರುಗಿಸಿ ನೋಡಿ, ಇನ್ನು ತಡ ಮಾಡಿದರೆ ಬೆರಳು ತೆಗೆಯಬೇಕಾಗುತ್ತದೆ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದರು. ದೊಡ್ಡ ಆಸ್ಪತ್ರೆ ಯಾವುದು, ಹೋಗುವುದು ಹೇಗೆ ಎಂದು ಅವರು ಹೇಳಲಿಲ್ಲ. ಇವರೂ ಕೇಳಲಿಲ್ಲ.

"ಯಾಕೋ ತಮ್ಮಾ, ಮಕ ಹಿಂಗ್ ಮಾಡ್ಕೊಂಡೀಯಾ?" ಎಂದಳು ಅಕ್ಕ.

"ಏನಿಲ್ಲಕ್ಕ."

"ನೀನು ಏನಿಲ್ಲ ಅಂದ್ರೆ ಏನೋ ಐತೆ ಅಂತ."

ತಿಪ್ಪೇಶ ಮಾತಾಡಲಿಲ್ಲ. ಅವನು ಮೊದಲಿಂದಲೂ ಹಾಗೆ. ಕೇರಿಯಲ್ಲಿ ಅವನಿಗೆ ಮೂಗ ಎಂದೇ ಹೆಸರು. ಬಿ.ಎ. ಮುಗಿಸಿದ ಮೇಲೆ ಓದಿದ ಮೂಗ ಎಂದರು.

ಚನ್ನಗಿರಿಯ ಮಂಡಿಗಳಲ್ಲಿ ಅಡಿಕೆಯ ಯೋಗ್ಯತೆ ನೋಡುವುದು ಬಣ್ಣದಲ್ಲಿ. ಮನುಷ್ಯನ ಯೋಗ್ಯತೆ ನೋಡುವುದು ಅವನು ಯಾವ ಕೇರಿಯವನು ಎಂಬುದರಲ್ಲಿ. ಹಿಂದೆ ಅಡಿಕೆ ಬೇಯಿಸಿದ ನೀರನ್ನೇ ಬತ್ತಿಸಿ, ಆ ಚೊಗರನ್ನು ಅಡಿಕೆಗೆ ಬಳಿದು ಒಣಗಿಸುತ್ತಿದ್ದರು. ಚೊಗರಿನಿಂದ ಕೈ ಕಪ್ಪಾಗುತ್ತಿತ್ತು, ಸುಡುತ್ತಿರಲಿಲ್ಲ. ಆಮೇಲೆ ಶೆಡ್ಡುಗಳಿಗೆ ಪುಡಿ ಬಂತು. ಬಿಳಿಚಿಕೊಂಡ ಹಳೆ ಅಡಿಕೆಯೂ ಒಂದು ಸಲ ಅದರಲ್ಲಿ ಮುಳುಗಿ ಎದ್ದರೆ ಹೊಸ ಮಾಲು. ಶೆಡ್ಡಿನವರು ಅದನ್ನು ಕಲರು ಎಂದರು. ತಂದುಕೊಟ್ಟವನು ಮುರುಗೇಶಪ್ಪ. ಕಂಪನಿಯ ಪುಡಿ ಮಾರುವ ಏಜೆಂಟನೂ ಅವನೇ, ಶೆಡ್ಡುಗಳಿಗೆ ಹೆಣ್ಣಾಳು ತರುವ ಗುತ್ತಿಗೆದಾರನೂ ಅವನೇ.

ತೊಟ್ಟಿಗೆ ಬಿಸಿನೀರು ಹೊತ್ತು ಸುರಿಯುವುದು ತಿಪ್ಪೇಶನ ಕೆಲಸ. ನೀರಿಗೆ ಪುಡಿ ಬಿದ್ದೊಡನೆ ಹೊಗೆಯಂಥದ್ದೇನೋ ಏಳುತ್ತಿತ್ತು. ಕಣ್ಣು ಉರಿಯುತ್ತಿತ್ತು. ಹೆಂಗಸರು ತೊಟ್ಟಿಯ ಸುತ್ತ ಬಗ್ಗಿ ನಿಂತು, ಮೊಣಕೈವರೆಗೆ ಕೈ ಇಳಿಸಿ, ಅಡಿಕೆಯನ್ನು ಅಂಗೈಗಳ ನಡುವೆ ತಿಕ್ಕಬೇಕು. ತಿಕ್ಕದಿದ್ದರೆ ಬಣ್ಣ ಹಿಡಿಯುವುದಿಲ್ಲ. ತಿಕ್ಕಬೇಕು, ಸೋಸಬೇಕು, ಕಣದಲ್ಲಿ ಹರವಬೇಕು, ಮತ್ತೆ ಬಂದು ಬಗ್ಗಬೇಕು. ಒಮ್ಮೆ ಯಾರೋ ಅಧಿಕಾರಿಗಳು ಬರುತ್ತಾರೆಂದು ಎಲ್ಲರಿಗೂ ಕೈಗವಸು ಕೊಟ್ಟರು. ಅಧಿಕಾರಿಗಳು ಹೋದ ಮೇಲೆ ವಾಪಸು ಇಸಿದುಕೊಂಡರು. ಕೈಗವಸು ಹಾಕಿಕೊಂಡರೆ ತಿಕ್ಕುವುದು ನಿಧಾನ.

ಮೊದಲು ಉಗುರಿನ ಸಂದು ಬಿರಿಯಿತು. ಆಮೇಲೆ ಬೆರಳ ತುದಿಯ ಸಿಪ್ಪೆ ಎದ್ದಿತು. ಊಟಕ್ಕೆ ಕೂತರೆ ಸಾರಿನ ಖಾರ ಮೈಯೆಲ್ಲ ನಡುಗಿಸುತ್ತಿತ್ತು. ಹೆಂಗಸರು ಬರೀ ರೊಟ್ಟಿ ತಿನ್ನಲು ಕಲಿತರು. ಮಗುವಿನ ಕೆನ್ನೆ ಸವರಿದರೆ ಮಗು ಅತ್ತಿತು. ಆಮೇಲೆ ನೋವು ತಾನಾಗಿ ಕಡಿಮೆಯಾಯಿತು. ಬೆರಳ ತುದಿ ನಯವಾಯಿತು. ಹೊಳೆಯ ಕಲ್ಲಿನಷ್ಟು ನಯ. ವಾಸಿಯಾಯಿತು ಎಂದುಕೊಂಡರು.

ಆಗಿರುವುದು ಏನೆಂದು ತಿಳಿದದ್ದು ರೇಷನ್ ಅಂಗಡಿಯಲ್ಲಿ. ಅಂತರಘಟ್ಟಮ್ಮ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಯಂತ್ರ ಒಪ್ಪಲಿಲ್ಲ. ಒರೆಸಿಕೊಂಡು ಇಟ್ಟಳು. ಒಪ್ಪಲಿಲ್ಲ. ಉಳಿದ ಬೆರಳುಗಳನ್ನು ಇಟ್ಟಳು. ಅಂಗಡಿಯವನು ನಕ್ಕ.

"ನಿನ್ ಬೆಳ್ಳು ಸತ್ತೋಗೈತೆ ಕಣಮ್ಮ. ನೀನು ಬದುಕಿದ್ದೀಯೋ ಇಲ್ವೋ ಮಿಷಿನ್ನಿಗೆ ಗೊತ್ತಾಗ್ತಿಲ್ಲ."

"ನಾನೇ ಅಲ್ಲೇನಣ್ಣ? ಹುಟ್ಟಿದಾಗಿಂದ ನೋಡೀಯಾ."

"ನಾನು ನೋಡಿದ್ರೆ ಏನ್ ಬಂತು? ಮಿಷಿನ್ ನೋಡ್ಬೇಕು."

ಅವಳ ಹಿಂದೆ ಸಾಲಿನಲ್ಲಿದ್ದ ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಇಟ್ಟರು. ಯಂತ್ರ ಒಬ್ಬೊಬ್ಬರನ್ನೂ ತಳ್ಳಿತು. ಖಾಲಿ ಚೀಲ ಹಿಡಿದು ಕೇರಿಗೆ ಬಂದವರು ಕಟ್ಟೆಯ ಮೇಲೆ ಕೂತು ತಮ್ಮ ತಮ್ಮ ಕೈಗಳನ್ನು ಬೇರೆಯವರ ಕೈಗಳಂತೆ ನೋಡಿಕೊಂಡರು. ಆ ದಿನ ಯಾರೂ ಅಳಲಿಲ್ಲ. ಅದೇ ತಿಪ್ಪೇಶನನ್ನು ಹೆದರಿಸಿದ್ದು.

ನ್ಯಾಮತಿಯಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ವಕೀಲೆ ಸುನೀತಾಳ ಆಫೀಸು. ಗೋಡೆಗೆ ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ. ಹೆಂಗಸರು ಹೋದವರೇ ನೆಲದ ಮೇಲೆ ಕೂತರು.

"ಏಳ್ರಿ ಮ್ಯಾಕೆ. ಕುರ್ಚಿ ಇರೋದು ಕೂರಾಕೆ," ಎಂದಳು ಸುನೀತಾ. ಎದ್ದು ಕುರ್ಚಿಯ ತುದಿಗೆ ಕೂತರು. ಅವಳು ಕೈಗಳನ್ನೆಲ್ಲ ನೋಡಿದಳು. ಬಹಳ ಹೊತ್ತು ನೋಡಿದಳು.

"ಒಬ್ಬೊಬ್ರೇ ಕೇಸ್ ಹಾಕಿದ್ರೆ ಒಬ್ಬೊಬ್ರನ್ನೇ ಮುರೀತಾರೆ. ಕಾನೂನಲ್ಲಿ ಇನ್ನೊಂದು ದಾರಿ ಐತೆ. ಒಂದೇ ಥರದ ಅನ್ಯಾಯ ಬಾಳ ಜನಕ್ಕೆ ಆಗಿದ್ರೆ, ಅವರಲ್ಲಿ ನಾಕೈದು ಜನ ಎಲ್ಲರ ಪರವಾಗಿ ಕೇಸ್ ಹಾಕ್ಬೋದು. ಕೋರ್ಟು ಒಪ್ಪಿಗೆ ಕೊಡ್ಬೇಕು. ಪೇಪರ್ನಾಗೆ ನೋಟೀಸ್ ಹಾಕಿಸ್ತಾರೆ, ತಕರಾರಿದ್ದೋರು ಬಂದು ಹೇಳ್ರಿ ಅಂತ. ಒಂದೇ ಕೇಸು, ಒಂದೇ ಸಾಕ್ಷಿ, ಒಂದೇ ಖರ್ಚು."

"ಗೆದ್ರೆ?" ಎಂದಳು ಬಂಗಾರಮ್ಮ. ಹೊನ್ನಾಳಿ ಕಡೆಯವಳು, ಸಾಸ್ವೆಹಳ್ಳಿಯಿಂದ ಶೆಡ್ಡಿಗೆ ಬರುವವಳು, ಮಾತಿನಲ್ಲಿ ಯಾರಿಗೂ ಸೋಲದವಳು.

"ಗೆದ್ರೆ ಎಲ್ಲರೂ ಗೆದ್ದಂಗೆ. ಇಲ್ಲಿಗೆ ಬರದೇ ಇದ್ದೋರೂ."

"ಸೋತ್ರೆ?"

ಸುನೀತಾ ಪೆನ್ನಿನ ಮುಚ್ಚಳ ಹಾಕಿದಳು. "ಎಲ್ಲರೂ ಸೋತಂಗೆ. ಬರದೇ ಇದ್ದೋರೂ. ಆಮ್ಯಾಲೆ ನಂದು ಬೇರೆ ಐತೆ ಅಂತ ಯಾರೂ ಬರಂಗಿಲ್ಲ."

"ನಮ್ಮೂರ ತೆಪ್ಪ ಇದ್ದಂಗೆ ಅನ್ನು. ಮಗುಚ್ಕಂಡ್ರೆ ನಿದ್ದೆ ಮಾಡ್ತಿದ್ದೋನೂ ಹೊಳೆಪಾಲು."

ನಗಬೇಕಿದ್ದವರು ನಗಲಿಲ್ಲ. ಸುನೀತಾ ಮುಂದುವರಿಸಿದಳು. "ಇನ್ನೊಂದು ಮಾತು. ನಿಮ್ಮೆಲ್ಲರ ಅನ್ಯಾಯ ಒಂದೇ ಅಂತ ನಾವು ತೋರಿಸ್ಬೇಕು. ಅವರು ಬೇರೆ ಬೇರೆ ಅಂತಾರೆ. ಇವಳದು ಸುಣ್ಣ, ಅವಳದು ಸೋಪು, ಇನ್ನೊಬ್ಬಳದು ಸಕ್ಕರೆ ಕಾಯಿಲೆ ಅಂತಾರೆ. ಒಬ್ಬೊಬ್ರಿಗೆ ಗುಟ್ಟಾಗಿ ಏನೋ ಆಸೆ ತೋರಿಸಿ ಗುಂಪಿನಿಂದ ಕಿತ್ಕೊಳ್ಳಾಕೆ ನೋಡ್ತಾರೆ. ವರ್ಷಗಟ್ಟಲೆ ಎಳೀತಾರೆ. ತಡಕೋಬೇಕು."

"ಒಬ್ರು ಎಲ್ರ ಪರವಾಗಿ," ಎಂದು ತನಗೆ ತಾನೇ ಹೇಳಿಕೊಂಡಳು ಕಾಟಮ್ಮ. ಜಗಳೂರಿನವಳು. ಸುಗ್ಗಿಗೆ ಹೆಂಗಸರ ಗುಂಪು ಕಟ್ಟಿಕೊಂಡು ಶೆಡ್ಡಿಗೆ ಬರುವವಳು. "ಹಂಗಾದ್ರೆ ಸರಿ ಬಿಡವ್ವ. ನಮ್ದು ಮೊದಲಿಂದ್ಲೂ ಹಂಗೇ."

ಅದು ಹೌದು. ಶೆಡ್ಡಿನಲ್ಲಿ ಗುಂಪಿಗೆ ಹೆಸರಿರುತ್ತದೆ, ಹೆಂಗಸರಿಗೆ ಇರುವುದಿಲ್ಲ. ಕಾಟಮ್ಮಾ ಎಂದು ಮುರುಗೇಶಪ್ಪ ಕೂಗಿದರೆ ಅಷ್ಟೂ ಜನ ಏಳಬೇಕು. ಕಾಟಮ್ಮನಿಗೆ ಬೈದರೆ ಅಷ್ಟೂ ಜನಕ್ಕೆ ಬೈದಂತೆ. ಅಡುಗೆ ಒಂದೇ ಒಲೆ, ನೀರು ಒಂದೇ ಕೊಡ. ಅವರ ಪರವಾಗಿ ಬೈಸಿಕೊಳ್ಳುವುದಕ್ಕೂ ಇಸಿದುಕೊಳ್ಳುವುದಕ್ಕೂ ಅವಳೊಬ್ಬಳೇ.

ಕೇಸಿಗೆ ಮುಂದೆ ನಿಲ್ಲಲು ಐವರನ್ನು ಆರಿಸಿದರು. ತಿಪ್ಪೇಶನೂ ಅವರಲ್ಲೊಬ್ಬ. ಅವನ ಕೈಯೂ ಸುಟ್ಟಿತ್ತು, ಓದೂ ಬರುತ್ತಿತ್ತು.

"ಮಾತಾಡಾಕೆ ಮೂಗನ್ನ ಕಳಿಸ್ತಾ ಇದೀವಿ, ನಮ್ ಬುದ್ದಿ ನೋಡ್ರಿ," ಎಂದಳು ಬಂಗಾರಮ್ಮ. ಆಗ ಎಲ್ಲರೂ ನಕ್ಕರು.

ಕಾನೂನಿಗೆ ಐದು ಜನ ಸಾಕಿತ್ತು. ಆದರೂ ಹಿಂದೆ ಜನ ಇದ್ದಾರೆಂದು ತೋರಿಸೋಣ ಎಂದು ಸುನೀತಾ ಒಪ್ಪಿಗೆಯ ಹಾಳೆಗಳನ್ನು ಕೊಟ್ಟಳು. ಹೆಸರು, ಊರು, ಎದುರಿಗೆ ಹೆಬ್ಬೆಟ್ಟು. ತಿಪ್ಪೇಶ ಬಸ್ಸು ಹತ್ತಿ ಇಳಿದು ಊರೂರು ತಿರುಗಿದ. ಮಸಿ ಮೆತ್ತಿದ ಬೆರಳು ಹಾಳೆಗೆ ತಾಗಿದರೆ ಗೆರೆ ಮೂಡುತ್ತಿರಲಿಲ್ಲ. ಕಪ್ಪು ಬೀಳುತ್ತಿತ್ತು, ಅಷ್ಟೇ. ಸುತ್ತಿಲ್ಲ, ಸುಳಿಯಿಲ್ಲ. ಒಂದರ ಕೆಳಗೊಂದು ಕಪ್ಪು ಬೊಟ್ಟು. ಯಾರದು ಯಾವುದೆಂದು ಒತ್ತಿದವರಿಗೇ ತಿಳಿಯದು.

ಜಗಳೂರಿಗೆ ಹೋದಾಗ ಗುಂಪಿನ ಹೆಂಗಸರೆಲ್ಲ ಈರುಳ್ಳಿ ಹೊಲಕ್ಕೆ ಹೋಗಿದ್ದರು. ವಾಪಸು ಬರುವ ಬಸ್ಸಿಗೆ ಹೊತ್ತಾಗಿತ್ತು.

"ಹಾಳೆ ಬಿಟ್ಟೋಗಪ್ಪ. ಒತ್ಸಿ ಕೊಟ್ ಕಳಿಸ್ತೀನಿ," ಎಂದಳು ಕಾಟಮ್ಮ. ಬಿಟ್ಟುಬಂದ. ಹಾಳೆ ಬಂತು. ಹೆಸರುಗಳೆದುರಿಗೆ ಬೊಟ್ಟುಗಳು ತುಂಬಿದ್ದವು. ಎಲ್ಲರೂ ನನ್ನ ಮುಂದೆಯೇ ಒತ್ತಿದ್ದಾರೆ ಎಂಬ ಪ್ರಮಾಣಪತ್ರಕ್ಕೆ ತಿಪ್ಪೇಶ ಸಹಿ ಹಾಕಿದ. ಅವನ ಸಹಿ ಚೆನ್ನಾಗಿತ್ತು. ಕಾಲೇಜಿನಲ್ಲಿ ಕಲಿತದ್ದು.

ಕಂಪನಿಯ ತಕರಾರು ಬಂದಾಗ ಸುನೀತಾ ಅದನ್ನು ಮೆಲ್ಲಗೆ ಓದಿ ಹೇಳಿದಳು. ಮೊದಲನೆಯದು, ಈ ಹೆಂಗಸರ ಕಾಯಿಲೆ ಒಂದೇ ಅಲ್ಲ, ಬೇರೆ ಬೇರೆ. ಎರಡನೆಯದು, ಈ ಹೆಬ್ಬೆಟ್ಟುಗಳು ಬೇರೆ ಬೇರೆ ಅಲ್ಲ, ಒಂದೇ. ಯಾರೋ ಒಬ್ಬರೇ ಕೂತು ಇಷ್ಟನ್ನೂ ಒತ್ತಿದ್ದಾರೆ. ಮೋಸದ ಕೇಸು, ವಜಾ ಮಾಡಬೇಕು.

"ಸುಟ್ಟೋರೂ ಅವರೇ, ಸುಟ್ಟಿದ್ದಕ್ಕೆ ಸುಳ್ಳಿ ಅನ್ನೋರೂ ಅವರೇ," ಎಂದಳು ಬಂಗಾರಮ್ಮ.

ಮೆಟ್ಟಿಲಿಳಿದು ಬರುವಾಗ ಕಾಟಮ್ಮ ತಿಪ್ಪೇಶನನ್ನು ಪಕ್ಕಕ್ಕೆ ಎಳೆದಳು. ಅವಳ ಮುಖದಲ್ಲಿ ಆಶ್ಚರ್ಯವಿತ್ತು, ಕಳ್ಳತನವಿರಲಿಲ್ಲ.

"ಅಲ್ಲ ಕಣೋ ತಿಪ್ಪೇಶ, ನಮ್ ಹಾಳೇದು ನಾನೊಬ್ಳೇ ಒತ್ತಿದ್ದು ಅಂತ ಅವರಿಗೆ ಹೆಂಗ್ ಗೊತ್ತಾತು?"

"ಏನಂದ್ರಿ?"

"ವಕೀಲಮ್ಮ ಹೇಳ್ಳಿಲ್ವೇನೋ, ಒಬ್ರು ಎಲ್ರ ಪರವಾಗಿ ಅಂತ? ಅದುಕ್ಕೇ ನಾನೇ ಒತ್ದೆ. ಅವರೆಲ್ಲ ನನ್ ಸುತ್ತ ಕೂತಿದ್ರು. ನಮ್ದೂ ಒತ್ತವ್ವ, ನಮ್ದೂ ಒತ್ತವ್ವ ಅಂತ ಹೇಳಿ ಹೇಳಿ ಒತ್ತಿಸ್ಕಂಡ್ರು."

"ಇದ್ನ ಯಾರಿಗಾದ್ರೂ ಹೇಳಿದ್ರಾ?"

"ಯಾಕ್ ಹೇಳಬಾರ್ದು? ಶೆಡ್ನಾಗೆ ಎಲ್ರಿಗೂ ಹೇಳೀನಿ."

ತಿಪ್ಪೇಶ ಅಂಗಡಿಯ ಗೊಬ್ಬರದ ಮೂಟೆಗೆ ಒರಗಿ ನಿಂತ. ಮೇಲೆ ಹೋಗಿ ಸುನೀತಾಳಿಗೆ ಹೇಳಬೇಕಿತ್ತು. ಹಾಳೆ ಬಿಟ್ಟುಬಂದವನು ತಾನು ಎಂದೂ ಹೇಳಬೇಕಾಗುತ್ತಿತ್ತು. ಮೆಟ್ಟಿಲಿನವರೆಗೆ ಹೋದ. ಅಲ್ಲಿಂದಲೇ ತಿರುಗಿದ. ಬಸ್ಸು ಹತ್ತಿದ.

ಮುರುಗೇಶಪ್ಪ ನಿನ್ನೆ ಮಧ್ಯಾಹ್ನ ಬಂದಿದ್ದ. ಕೇರಿಯೊಳಗೆ ಬರುವವನಲ್ಲ. ಕೇರಿಯ ಬಾಯಲ್ಲಿ ಬೈಕು ನಿಲ್ಲಿಸಿ ಹಾರ್ನು ಹೊಡೆದ. ಹೊಡೆಯುತ್ತಲೇ ಇದ್ದ. ತಿಪ್ಪೇಶ ಹೋದ.

"ಏನಲೇ, ದೊಡ್ ಸಾಕ್ಷಿ ಆಗೀಯಂತೆ?" ಸೀಟಿನಿಂದ ಇಳಿಯದೆ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮಕ್ಕನ ಬೆಳ್ಳು ಹೆಂಗೈತೆ?"

"ಐತೆ."

"ಇರಲ್ಲ ಕಣೋ. ಈ ತಿಂಗಳು ದಾಟಿದ್ರೆ ಇರಲ್ಲ. ನಾನು ದೊಡ್ಡಾಸ್ಪತ್ರೆ ಡಾಕ್ಟ್ರತ್ರ ಮಾತಾಡೀನಿ. ಈಗ್ಲೇ ಕರ್ಕಂಬಂದ್ರೆ ಉಳಿಸ್ತೀವಿ ಅಂದಾರೆ. ಕಾರು ನಂದು. ಎಲ್ಲಾ ನಂದು."

ತಿಪ್ಪೇಶ ಅವನ ಬೂಟು ನೋಡುತ್ತ ನಿಂತ.

"ಸುಳ್ಳು ಹೇಳು ಅಂದ್ನಾ ನಿಂಗೆ? ದಿಟ ಹೇಳು. ಜಗಳೂರು ಹಾಳೆ ನಿನ್ ಮುಂದೆ ಒತ್ತಿದ್ದಲ್ಲ, ಒಬ್ಳೇ ಒತ್ತಿದ್ದು ಅಂತ ಹೇಳು. ದೇವರ ಮೇಲೆ ಆಣೆ ಮಾಡಿ ದಿಟ ಹೇಳಾಕೆ ನಿಂಗೇನ್ ರೋಗ? ನಾಳೆ ಸಂಜೆಗೆ ನಿಮ್ಮಕ್ಕ ಕಾರ್ನಾಗಿರ್ತಾಳೆ." ಬೈಕು ಶುರು ಮಾಡಿದ. "ಹೇಳದಿದ್ರೂ ನಂಗೇನಿಲ್ಲ. ಸುಗ್ಗಿಗೆ ನಿಮ್ ಕೇರಿಯಿಂದ ಒಂದಾಳೂ ತಗಳಲ್ಲ. ಅದು ಬೇರೆ ಮಾತು."

ಅವನು ಹೋದ ಮೇಲೂ ಧೂಳು ಇಳಿಯಲಿಲ್ಲ. ಅಕ್ಕ ಹಿತ್ತಿಲಲ್ಲಿ ಎಡಗೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

ಈಗ ಕೋರ್ಟಿನ ಒಳಗಿಂದ ಅವರ ಕೇಸಿನ ಹೆಸರು ಕೂಗಿದರು.

ಒಳಗೆ ಫ್ಯಾನು ತಿರುಗುತ್ತಿತ್ತು. ಹೆಂಗಸರು ಹಿಂದಿನ ಗೋಡೆಗೆ ಅಂಟಿಕೊಂಡು ನಿಂತರು. ಕೊನೆಯ ಬೆಂಚಿನಲ್ಲಿ ಮುರುಗೇಶಪ್ಪ ಕೂತಿದ್ದ. ಕಂಪನಿಯ ವಕೀಲ ನಯವಾಗಿ ಮಾತಾಡುವವನು. ಎಲೆಯಡಿಕೆ ಹಾಕಿ ಹಾಕಿ ತುಟಿ ಕೆಂಪಾಗಿತ್ತು.

"ಸ್ವಾಮಿ, ವಾದ ಯಾಕೆ? ಬಂದವರು ಇಲ್ಲೇ ತಮ್ಮ ಹೆಬ್ಬೆಟ್ಟು ಒತ್ತಲಿ. ಹಾಳೆಯ ಜೊತೆ ಹೋಲಿಸಿ ನೋಡೋಣ."

"ಒತ್ತಲಿ ಸ್ವಾಮಿ," ಎಂದಳು ಸುನೀತಾ. ಬೆರಳು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ ಎಂದು ಅವಳು ನಂಬಿದ್ದಳು.

ವಕೀಲನ ಗುಮಾಸ್ತ ಮಸಿಯ ಪ್ಯಾಡು ಇಟ್ಟ. ಹೆಂಗಸರು ಒಬ್ಬೊಬ್ಬರಾಗಿ ಬಂದು ಒತ್ತಿದರು. ಕಪ್ಪು. ಕಪ್ಪು. ಕಪ್ಪು. ವಕೀಲ ಹಾಳೆ ಎತ್ತಿ ಹಿಡಿದ.

"ನೋಡಿ. ಬೇಕೆಂದೇ ಮಸಿ ಜಾಸ್ತಿ ಮಾಡಿ, ಬೆರಳು ಜಾರಿಸಿ ಒತ್ತುತ್ತಿದ್ದಾರೆ. ತೊಳೆದುಕೊಂಡು ಬರಲಿ."

ಹೊರಗಿನ ನಲ್ಲಿಯ ಹತ್ತಿರ ಗುಮಾಸ್ತ ಸೋಪು ಕೊಟ್ಟ. ತೆಂಗಿನ ನಾರು ಕೊಟ್ಟ. "ತಿಕ್ಕಮ್ಮ. ಸರಿಯಾಗಿ ತಿಕ್ಕು. ಪಾತ್ರೆ ತಿಕ್ಕಲ್ವಾ ಮನೇಲಿ?" ಎಂದ. ಹೆಂಗಸರು ತಿಕ್ಕಿದರು. ತಿಕ್ಕು ಎಂದರೆ ತಿಕ್ಕಿಯೇ ಅವರಿಗೆ ಅಭ್ಯಾಸ. ತೆಳ್ಳಗಿದ್ದ ಸಿಪ್ಪೆ ಬಿಟ್ಟುಕೊಂಡಿತು. ವಾಪಸು ಬಂದು ಒತ್ತಿದರು. ಈ ಸಲ ಕಪ್ಪಿನೊಳಗೆ ಕೆಂಪು ಸೇರಿತ್ತು. ಗೆರೆ ಇರಲಿಲ್ಲ.

"ಇನ್ನೊಮ್ಮೆ," ಎಂದ ವಕೀಲ.

ಮುಂದೆ ಇದ್ದವಳು ಅಂತರಘಟ್ಟಮ್ಮ. ಗುಮಾಸ್ತ ಪ್ಯಾಡನ್ನು ಅವಳತ್ತ ತಳ್ಳಿದ. ಅವಳು ಕೈ ಚಾಚಲಿಲ್ಲ.

"ಒತ್ತಲ್ಲ."

"ಕೋರ್ಟಮ್ಮ ಇದು. ಒತ್ತು."

"ಒತ್ತಲ್ಲ ಅಂದ್ನಲ್ಲ." ಅವಳ ದನಿ ಏರಲಿಲ್ಲ. "ಇದ್ದುದ್ನ ಕೇಳ್ರಿ, ಕೊಡ್ತೀನಿ. ಇಲ್ಲದ್ದನ್ನ ಎಲ್ಲಿಂದ ತರ್ಲಿ? ಮಿಷಿನ್ ಮುಂದೆ ಒತ್ದೆ, ನೀನು ಇಲ್ಲ ಅಂತು. ಇಲ್ಲಿ ಒತ್ದೆ, ನೀನು ಸುಳ್ಳಿ ಅಂದ್ರಿ. ನನ್ ಹೆಬ್ಬೆಟ್ಟು ನಿಮ್ ಕಂಪನಿ ತೊಟ್ಟಿಯಾಗೈತೆ. ಹೋಗಿ ಸೋಸ್ಕಂಡ್ ಬರ್ರಿ. ಅಲ್ಲಿಲ್ಲಾಂದ್ರೆ ನಿಮ್ ಬಾಯಾಗೈತೆ ನೋಡ್ರಿ, ಕೆಂಪಗೈತೆ."

ವಕೀಲ ಬಾಯಿ ಮುಚ್ಚಿಕೊಂಡ. ನ್ಯಾಯಾಧೀಶರು ಹಾಳೆಯ ಮೇಲಿನ ಕೆಂಪನ್ನು ನೋಡಿದರು. "ಸಾಕು, ಪ್ಯಾಡ್ ತೆಗೀರಿ," ಎಂದರು. ಗೋಡೆಗೆ ಅಂಟಿಕೊಂಡಿದ್ದ ಹೆಂಗಸರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ಆ ಗಳಿಗೆಯಲ್ಲಿ ಕೇಸು ಗೆದ್ದೆವೆಂದು ತಿಪ್ಪೇಶನಿಗೆ ಅನಿಸಿತು.

ಆಮೇಲೆ ಅವನನ್ನು ಕಟಕಟೆಗೆ ಹತ್ತಿಸಿದರು.

"ಈ ಹಾಳೆಗಳನ್ನೆಲ್ಲ ಆಯಾ ಹೆಂಗಸರೇ ನಿಮ್ಮ ಮುಂದೆ ಒತ್ತಿದರು ಎಂದು ಪ್ರಮಾಣ ಮಾಡಿದ್ದೀರಿ. ನಿಜವೇ?"

ಕೊನೆಯ ಬೆಂಚಿನಲ್ಲಿ ಮುರುಗೇಶಪ್ಪ ತುಸು ಮುಂದೆ ಬಾಗಿದ. ಒಂದು ಮಾತು. ಹೇಳಿದರೆ ಸಂಜೆಗೆ ಕಾರು ಬರುತ್ತದೆ. ಅಕ್ಕನ ಬೆರಳು ಅಕ್ಕನ ಕೈಯಲ್ಲೇ ಉಳಿಯುತ್ತದೆ. ಹೇಳಿದ್ದು ನಿಜವೇ ಆಗಿರುತ್ತದೆ. ಯಾರು ತಪ್ಪೆನ್ನುತ್ತಾರೆ? ಅಕ್ಕ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಈಗಷ್ಟೇ ಆಡಿದ ಮಾತಿನ ಬಿಸಿ ಇನ್ನೂ ಆರಿರಲಿಲ್ಲ.

"ಹೇಳಪ್ಪ," ಎಂದರು ನ್ಯಾಯಾಧೀಶರು.

"ಆ ಹಾಳೇಲಿರೋ ಎಲ್ಲರ ಕೈಯನ್ನೂ ನಾನು ನೋಡೀನಿ ಸ್ವಾಮಿ."

"ಕೇಳಿದ್ದು ಅದಲ್ಲ. ನಿಮ್ಮ ಮುಂದೆ ಒತ್ತಿದರೇ?"

"ಒಬ್ಬರ ಕೈಯೂ ಸರಿಯಾಗಿಲ್ಲ ಸ್ವಾಮಿ."

"ಹೌದೋ ಇಲ್ಲವೋ?"

ಅವನು ಕಟಕಟೆಯ ಮರ ಹಿಡಿದುಕೊಂಡ. ನಯವಾದ ಮರ, ನಯವಾದ ಬೆರಳು. ಜಾರಿತು. ವಕೀಲ ಮತ್ತೆ ಕೇಳಿದ. ತಿಪ್ಪೇಶ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಸಾಕ್ಷಿ ಉತ್ತರಿಸುತ್ತಿಲ್ಲ ಎಂದು ಬರೆದುಕೊಳ್ಳುವ ಸದ್ದಾಯಿತು.

"ಅವನು ಮೂಗ ಸ್ವಾಮಿ, ಅವನ್ನೇನ್ ಕೇಳ್ತೀರಿ? ನನ್ನ ಕೇಳ್ರಿ."

ಕಾಟಮ್ಮ. ಹೆಂಗಸರ ಸಾಲಿನಿಂದ ಈಚೆ ಬಂದಿದ್ದಳು. ಸುನೀತಾ ತಿರುಗಿ ಕೈ ಅಡ್ಡ ಮಾಡುವಷ್ಟರಲ್ಲಿ ಆಗಿಹೋಯಿತು.

"ಜಗಳೂರು ಹಾಳೆ ನಾನೇ ಒತ್ತಿದ್ದು. ಎಲ್ರ ಪರವಾಗಿ ನಾನೊಬ್ಳೇ ಒತ್ತಿದ್ದು. ಅದ್ರಾಗೆ ಮುಚ್ಚಾಕೆ ಏನೈತೆ? ಒಬ್ರು ಎಲ್ರ ಪರವಾಗಿ ಬರಬೋದು ಅಂತ ನಿಮ್ ಕಾನೂನೇ ಐತಂತಲ್ಲ? ಐದು ಜನ ಬಂದ್ರೆ ಸರಿ, ಒಂದ್ ಬೆಳ್ಳು ಬಂದ್ರೆ ತಪ್ಪಾ ಸ್ವಾಮಿ?"

ಯಾರೋ ನಕ್ಕರು. ಸುನೀತಾ ಮೇಜಿನ ಮೇಲೆ ಅಂಗೈ ಊರಿ ತಲೆ ತಗ್ಗಿಸಿದಳು. ಕಂಪನಿಯ ವಕೀಲ ನಗಲಿಲ್ಲ. ಅವನು ಮೆಲ್ಲಗೆ ಕೂತ. ಇನ್ನು ಅವನು ಕೇಳುವುದು ಏನೂ ಉಳಿದಿರಲಿಲ್ಲ. ಕಾಟಮ್ಮ ಅವರಿವರ ಮುಖ ನೋಡಿದಳು. ತಾನು ಏನು ಹೇಳಿದೆನೆಂದು ಅವಳಿಗೆ ಯಾರೂ ಹೇಳಲಿಲ್ಲ.

ಹೊರಗೆ ಬಂದಾಗ ಮುರುಗೇಶಪ್ಪ ಕಾರಿನ ಬಾಗಿಲು ತೆಗೆಯುತ್ತಿದ್ದ. ತಿಪ್ಪೇಶ ಅವನತ್ತ ಎರಡು ಹೆಜ್ಜೆ ಇಟ್ಟ. ತಾನೇಕೆ ಇಟ್ಟೆನೆಂದು ಅವನಿಗೂ ತಿಳಿಯಲಿಲ್ಲ. ಮುರುಗೇಶಪ್ಪ ಕನ್ನಡಕ ಒರೆಸಿಕೊಂಡ.

"ಆಯಮ್ಮ ಪುಕ್ಕಟೆ ಹೇಳಿದ್ಲಲ್ಲೋ. ಇನ್ ನೀನ್ಯಾಕೆ ನಂಗೆ?"

ಕಾರು ಹೋಯಿತು. ಹಿಂದಿನ ಸೀಟು ಖಾಲಿಯಿತ್ತು.

ಮಳೆಗಾಲ ಕಳೆದ ಮೇಲೆ ಆದೇಶ ಬಂತು. ಎಲ್ಲರ ಪರವಾಗಿ ಕೇಸು ನಡೆಸಲು ಒಪ್ಪಿಗೆ ಸಿಕ್ಕಿತು, ಜಗಳೂರಿನವರನ್ನು ಬಿಟ್ಟು. ಅವರು ಬೇಕಿದ್ದರೆ ಬೇರೆ ಕೇಸು ಹಾಕಬಹುದು. ತಿಪ್ಪೇಶ ಮುಂದೆ ನಿಂತವರಲ್ಲಿ ಇರುವಂತಿಲ್ಲ. ಸುಳ್ಳು ಪ್ರಮಾಣಕ್ಕೆ ಅವನ ಮೇಲೆ ನೋಟೀಸು. ಸುನೀತಾ ಇದನ್ನು ಗೆಲುವು ಎಂದಳು. ಹಾಗೆನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ. ಕಂಪನಿ ಮೇಲಿನ ಕೋರ್ಟಿಗೆ ಹೋಯಿತು. ಅಲ್ಲಿ ತಡೆ ಸಿಕ್ಕಿತು. ಪುಡಿ ಈಗಲೂ ಬರುತ್ತದೆ, ಚೀಲದ ಮೇಲೆ ಬೇರೆ ಹೆಸರು. ಕೇರಿಯವರನ್ನು ಬಿಟ್ಟು ಬೇರೆ ಹೆಂಗಸರು ತೊಟ್ಟಿಗೆ ಬಗ್ಗುತ್ತಾರೆ. ಕಾಟಮ್ಮನನ್ನು ಅವಳ ಗುಂಪಿನವರೇ ಮಾತಾಡಿಸುವುದಿಲ್ಲ. ಅವಳು ಊರಲ್ಲೇ ಈರುಳ್ಳಿ ಕೀಳುತ್ತಾಳೆ, ಒಬ್ಬಳೇ.

ಅಂತರಘಟ್ಟಮ್ಮನ ಬೆರಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ತೆಗೆದರು. ಬುಡದಿಂದ. ಬ್ಯಾಂಡೇಜು ಕಟ್ಟಿಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತವಳು ತಾನೇ ತಮಾಷೆ ಮಾಡಿದಳು.

"ಒಳ್ಳೇದಾತು ಬಿಡು. ಇನ್ ಮ್ಯಾಲೆ ಯಾರೂ ಒತ್ತು ಅನ್ನಂಗಿಲ್ಲ."

ತಿಪ್ಪೇಶ ಪಕ್ಕದಲ್ಲಿ ಕೂತು ಬಸ್ಸಿನ ಟಿಕೆಟ್ಟು ಮಡಚುತ್ತಿದ್ದ. ಬಸ್ಸು ಹೊನ್ನಾಳಿ ದಾಟಿತು. ಸ್ವಲ್ಪ ದೂರ ಹೋದ ಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು.

"ಕೋರ್ಟಿನ ಹಿಂದಿನ ದಿನ ಮುರುಗೇಶಪ್ಪ ಕೇರಿ ಬಾಯಿಗೆ ಬಂದು ಹಾರ್ನ್ ಹೊಡೀತಿದ್ನಲ್ಲ. ಯಾಕೋ ಬಂದಿದ್ದ?"

"ಕೆಲಸಕ್ಕೆ ಕರ್ಯಾಕೆ."

"ನೀನೇನಂದೆ?"

"ಬರಲ್ಲ ಅಂದೆ."

"ಚಲೋ ಮಾಡ್ದೆ," ಎಂದು ಅವಳು ಕಟ್ಟಿದ ಕೈಯನ್ನು ಅವನ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

ಅವನು ಬಂದದ್ದು ನಿನ್ನ ಬೆರಳು ಉಳಿಸಿಕೊಡುತ್ತೇನೆ ಎನ್ನಲು, ನಿನ್ನನ್ನು ಒಂದು ಮಾತೂ ಕೇಳದೆ ಅದನ್ನು ನಾನೇ ಬಿಟ್ಟುಕೊಟ್ಟೆ ಎಂದು ತಿಪ್ಪೇಶ ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.